ಬಿಟ್ಟಿ ಲಾಯರಮ್ಮ, ಹುಂಜ ಮತ್ತು ಮನೆತನದ ಜೆರ್ಸಿ

ನಗಬಾರದ ಜಾಗಕ್ಕೆ ಹೋಗಿ ಕೂತರೆ ನಗು ತಾನಾಗಿ ಹುಡುಕಿಕೊಂಡು ಬರುತ್ತದೆ. ಇದು ನನಗೆ ಗೊತ್ತಾದದ್ದು ಕೋರ್ಟಿನ ಜಗಲಿಯಲ್ಲಿ. ಗೋಣಿಕೊಪ್ಪಲಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾಗಿ ಮಡಿಕೇರಿಗೆ ಬಂದವನು ನಾನು. ಮಾತಾಡುವ ಚಟ ಮಾತ್ರ ನಿವೃತ್ತಿ ತಗೊಳ್ಳಲಿಲ್ಲ. ಮನೆಯಲ್ಲಿ ಬಾಯಿ ತೆಗೆದರೆ ನನ್ನ ಹೆಂಡತಿ ಮಿಕ್ಸಿ ಹಾಕುತ್ತಿದ್ದಳು. ಕೊನೆಗೆ ಅವಳೇ, "ಕೋರ್ಟಲ್ಲಿ ಬಡವರಿಗೆ ಕಾನೂನು ನೆರವು ಹೇಳಿಕೊಡೋಕೆ ಸ್ವಯಂಸೇವಕರು ಬೇಕಂತೆ. ಅಲ್ಲಿ ಹೋಗಿ ಮಾತಾಡಿ, ಪುಣ್ಯವಾದರೂ ಬರ್ತದೆ" ಎಂದು ಕಳಿಸಿದಳು. ಪುಣ್ಯ ಯಾರಿಗೆ ಅಂತ ಹೇಳಲಿಲ್ಲ.

ಅಲ್ಲಿ ಕಂಡ ಎಲ್ಲವನ್ನೂ ಹೇಳಲು ಹೊರಟರೆ ನೀವೂ ಮಿಕ್ಸಿ ಹಾಕುತ್ತೀರಿ. ಹಾಗಾಗಿ ಒಬ್ಬ ತಾಯಿಯ ಕೇಸು ಮಾತ್ರ ಹೇಳುತ್ತೇನೆ.

ಬಸ್ಸಿನಲ್ಲಿ ಸಿಕ್ಕಿದ ಕಕ್ಷಿದಾರಳು

ಭಾಗಮಂಡಲದಲ್ಲಿ ಕಾನೂನು ಅರಿವು ಕಾರ್ಯಕ್ರಮವಿತ್ತು. ನನಗೆ ಕೊಟ್ಟ ಸಮಯ ಪೀಠಿಕೆಗೇ ಸಾಲಲಿಲ್ಲ. ಉಳಿದ ಭಾಷಣವನ್ನು ವಾಪಸು ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಮುಂದುವರಿಸಿದೆ. ಅವರು ನಿದ್ದೆ ಹೋದರು. ಆದರೆ ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ತಿರುಗಿ ಕೂತಳು.

"ಸರ್, ಹೆಂಗಸರಿಗೆ ಲಾಯರು ಬಿಟ್ಟಿ ಸಿಕ್ತಾರೆ ಅಂದ್ರಲ್ಲ, ಹೌದಾ?"

"ಹೌದಮ್ಮ. ನಿಮ್ಮ ಆದಾಯ ಎಷ್ಟೇ ಇರಲಿ. ಲಾಯರಿಗೆ ಕೊಡೋದು ಸರ್ಕಾರ."

"ಮಕ್ಕಳ ಕೇಸಿಗೂ?"

"ಮಕ್ಕಳ ಕೇಸಿಗೂ."

ಅವಳಿಗೆ ಆರು ವರ್ಷದ ಮಗಳು. ಗಂಡ ಹೆಂಡತಿ ಜಗಳವಾಗಿ ಇವಳು ಮಡಿಕೇರಿಯ ಒಂದು ಹೋಂಸ್ಟೇ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಮಗು ಭಾಗಮಂಡಲದ ಹತ್ತಿರದ ಗಂಡನ ಮನೆಯಲ್ಲೇ ಉಳಿಯಿತು. ರಜೆ ಸಿಕ್ಕಾಗ ಬಸ್ಸು ಹತ್ತಿ ಬಂದು ಶಾಲೆಯ ಗೇಟಿನ ಹತ್ತಿರ ನಿಂತು ಮಗಳ ಮುಖ ನೋಡಿ ಹೋಗುತ್ತಿದ್ದಳು. ಕೂಸನ್ನು ಕಳಿಸು ಎಂದರೆ ಗಂಡ, "ಕೋರ್ಟಿಗೆ ಹೋಗು. ಲಾಯರಿಗೆ ದುಡ್ಡು ಎಲ್ಲಿಂದ ತರ್ತೀಯ ನೋಡ್ತೇನೆ" ಎಂದಿದ್ದನಂತೆ.

"ಒಂದು ಡೌಟು ಸರ್," ಎಂದಳು. "ಒಳ್ಳೆ ಲಾಯರಾದ್ರೆ ಬಿಟ್ಟಿ ಯಾಕೆ ಬರ್ತಾರೆ? ಬಿಟ್ಟಿ ಬರೋರು ಒಳ್ಳೆಯವರಾ?"

ಇದಕ್ಕೆ ಸಮಾಧಾನ ಹೇಳಲು ನಾನು ಕಾಯಿದೆ, ಸಂವಿಧಾನ, ಸ್ವಾತಂತ್ರ್ಯ ಹೋರಾಟ ಎಲ್ಲ ಮುಗಿಸಿ ಕೊಡಗಿನ ರಾಜರ ನ್ಯಾಯಪದ್ಧತಿಗೆ ಬರುವಷ್ಟರಲ್ಲಿ ಕಂಡಕ್ಟರ್ ಬಂದು ನಿಂತ.

"ಮೇಷ್ಟ್ರೇ, ನೀವು ಇಳಿಯೋ ಸ್ಟಾಪ್ ಆಗಲೇ ಹೋಯ್ತು. ಈ ಅಕ್ಕನ ಕೇಸು ಮುಗಿಯೋ ತನಕಕ್ಕೆ ಟಿಕೆಟ್ ಹರೀಲಾ?"

ಹಾಜರಿ

ಆ ತಾಯಿಗೆ ಕೊಟ್ಟ ಲಾಯರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತುಂಬ ಚುರುಕು, ಅಷ್ಟೇ ಶಿಸ್ತು. ಮೊದಲ ದಿನವೇ ಹೇಳಿದಳು: "ನೋಡಿ ಅಕ್ಕ, ನಿಮ್ಮ ಕೈಯಿಂದ ನಾನು ಒಂದು ಕಾಳುಮೆಣಸು ಕೂಡ ಮುಟ್ಟೋ ಹಾಗಿಲ್ಲ."

ಅಲ್ಲಿಗೆ ಆ ತಾಯಿಯ ನಂಬಿಕೆ ಪೂರ್ತಿ ಹೋಯಿತು. ಕಿತ್ತಳೆ ತಂದಳು, ವಾಪಸು. ಜೇನು ತಂದಳು, ವಾಪಸು. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ಸರ್, ಇವರು ನಮ್ಮ ಕಡೆಯಿಂದ ಏನೂ ತಗೊಳ್ತಾ ಇಲ್ಲೆ. ಆ ಕಡೆಯಿಂದ ತಗೊಂಡಿರಬಹುದಾ?"

ನಮ್ಮ ಕಡೆ ಹಾಗೇ ಮಾರಾಯರೇ. ಮನೆಗೆ ಬಂದವರು ಕಾಫಿ ಬೇಡ ಎಂದರೂ, ಏನೋ ಮನಸ್ಸಲ್ಲಿ ಇಟ್ಟುಕೊಂಡಿದ್ದಾರೆ ಅಂತಲೇ ಲೆಕ್ಕ.

ಕೇಸಿನ ದಿನ ಅವಳು ದೊಡ್ಡದೊಂದು ಬಟ್ಟೆಚೀಲ ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. ಚೀಲವನ್ನು ಬೆಂಚಿನ ಕೆಳಗೆ ತಳ್ಳಿದಳು. ಏನದು ಎಂದೆ. "ಏನಿಲ್ಲ ಸರ್, ಲಾಯರಮ್ಮನಿಗೆ" ಎಂದಳು.

ಜಡ್ಜ್ ಬಂದು ಕೂತರು. ಕೋರ್ಟು ಸ್ತಬ್ಧ. ಯಾವುದೋ ಜಾಗದ ತಕರಾರಿನ ಕೇಸಿಗೆ ಹೆಸರು ಕೂಗಿದರು. ಯಾರೂ ಏಳಲಿಲ್ಲ. ಮತ್ತೆ ಕೂಗಿದರು. ಉತ್ತರವಿಲ್ಲ. ಮೂರನೇ ಸಲ ಕೂಗಿದ್ದೇ ತಡ, ಬೆಂಚಿನ ಕೆಳಗಿಂದ "ಕೊಕ್ಕೊಕ್ಕೋ" ಎಂದು ಗಟ್ಟಿಯಾಗಿ ಉತ್ತರ ಬಂತು.

ಊರುಹುಂಜ! ಚೀಲದ ಬಾಯಿ ಬಿಚ್ಚಿಕೊಂಡು, ಕೆಂಪು ಜುಟ್ಟು ಹೊರಗೆ ಹಾಕಿ, ಇನ್ನೊಮ್ಮೆ ಕೂಗಿತು. ನಮ್ಮ ಲಾಯರಮ್ಮ ಫೈಲನ್ನು ಮುಖಕ್ಕೆ ಅಡ್ಡ ಹಿಡಿದಳು.

ಜಡ್ಜ್ ಕನ್ನಡಕ ಸರಿಮಾಡಿಕೊಂಡು ಹುಂಜವನ್ನೇ ನೋಡಿ, ಗಂಭೀರವಾಗಿ ಕೇಳಿದರು:

"ಇವರು ವಾದಿ ಪರವೋ, ಪ್ರತಿವಾದಿ ಪರವೋ?"

ನಮ್ಮ ಮನೆಯಲ್ಲಿ ನಡೆದ ವಿಚಾರಣೆ

ಎದುರಿನ ಲಾಯರು ಪ್ರಶ್ನೆ ಕೇಳಿದರೆ ಈ ತಾಯಿ ತಲೆ ತಗ್ಗಿಸಿ ಅಳುತ್ತಾಳೆ. ಹೀಗಾದರೆ ಮಗು ಕೈತಪ್ಪುತ್ತದೆ ಎಂದು ನಮ್ಮ ಲಾಯರಮ್ಮನಿಗೆ ಚಿಂತೆ. "ಸರ್, ಇವರಿಗೆ ಸ್ವಲ್ಪ ಧೈರ್ಯ ಬರೋ ಹಾಗೆ ಮಾಡಿ" ಎಂದಳು.

ಭಾನುವಾರ ನಮ್ಮ ಮನೆಗೇ ಕರೆಸಿದೆ. ನಾನು ಎದುರಿನ ಲಾಯರು. ಹೆಂಡತಿ ಜಡ್ಜ್, ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಕೋಟು ಹಾಕಿಕೊಂಡು ಕೈ ಬೀಸಿ ಗುಡುಗಿದೆ:

"ನೀವು ಕಟ್ಟಿಕೊಂಡ ಗಂಡನ ಮಾತು ಕೇಳ್ತಾ ಇರಲಿಲ್ಲ. ಹೌದೋ ಅಲ್ಲವೋ?"

ತಾಯಿ ತಲೆ ತಗ್ಗಿಸಿದಳು. ಉತ್ತರ ಬಂದದ್ದು ಜಡ್ಜ್ ಕಡೆಯಿಂದ.

"ಎಷ್ಟೂಂತ ಕೇಳೋದು? ಬೆಳಗ್ಗೆ ಎದ್ದರೆ ಟಿಪ್ಪು, ಮಧ್ಯಾಹ್ನ ಬ್ರಿಟಿಷರು. ಒಂದು ದಿನ ನಾನು ಮಾತಾಡಿದ್ದನ್ನ ಕೇಳಿದ್ದುಂಟಾ?"

"ಮಾರಾಯ್ತಿ, ನೀನು ಜಡ್ಜ್. ಸುಮ್ಮನಿರು."

"ನೋಡಿದ್ರಾ? ಜಡ್ಜ್ ಆದ್ರೂ ಸುಮ್ಮನಿರಬೇಕು!"

ಅವಳು ಅವರೆಕಾಯಿ ಬುಟ್ಟಿ ಪಕ್ಕಕ್ಕಿಟ್ಟು ನಮ್ಮ ಇಡೀ ಸಂಸಾರದ ಮೊಕದ್ದಮೆ ಶುರುಮಾಡಿದಳು. ಹನಿಮೂನಿಗೆ ಶ್ರೀರಂಗಪಟ್ಟಣಕ್ಕೆ ಹೋಗಿ ದಿನವಿಡೀ ಕೋಟೆಗೋಡೆ ನೋಡಿದ್ದೂ ಹೊರಗೆ ಬಂತು. ಆ ತಾಯಿ ಮೊದಲು ಬೆರಗಾದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕೊನೆಗೆ ತಡೆಯಲಾರದೆ ಗಟ್ಟಿಯಾಗಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊರಡುವಾಗ ಬೆನ್ನು ನೆಟ್ಟಗಿತ್ತು.

"ಈಗ ಹೆದರಿಕೆ ಇಲ್ಲೆ ಸರ್. ಅಕ್ಕ ಮಾತಾಡಿದ ಹಾಗೇ ನಾನೂ ಮಾತಾಡ್ತೇನೆ."

ನನ್ನ ಹೆಂಡತಿ ಅವಳನ್ನು ಗೇಟಿನ ತನಕ ಬಿಟ್ಟು ಬಂದಳು. ಗೇಟಿನ ಹತ್ತಿರ ಹೆಂಡತಿ ಕೇಳಿದ್ದು ನನ್ನ ಕಿವಿಗೆ ಬಿತ್ತು:

"ಆ ಬಿಟ್ಟಿ ಲಾಯರಮ್ಮನ ನಂಬರು ನನಗೂ ಒಂಚೂರು ಕೊಡು."

ಅಜ್ಜಿಯ ಹೊಗಳಿಕೆ

ಈಗ ಕೊನೆಯದು. ಬೇಸಿಗೆ ಶುರುವಾಗಿತ್ತು. ಕೊಡಗಿನಲ್ಲಿ ಬೇಸಿಗೆ ಎಂದರೆ ಮನೆತನಗಳ ಪಂದ್ಯದ ಕಾಲ. ಆ ಮನೆತನಕ್ಕೂ ಈ ಮನೆತನಕ್ಕೂ ಕ್ರಿಕೆಟ್ಟು. ಒಂದೊಂದು ಮನೆತನಕ್ಕೆ ಒಂದೊಂದು ಬಣ್ಣದ ಜೆರ್ಸಿ, ಮೊಬೈಲಿನಲ್ಲಿ ಲೈವ್, ಊರೆಲ್ಲ ಮೈದಾನದಲ್ಲಿ.

ಆ ತಾಯಿಯ ಗಂಡ ತಾನು ಮಗಳ ಜೊತೆ ಎಷ್ಟು ಹೊತ್ತು ಇರುತ್ತೇನೆ ಎಂದು ಕೋರ್ಟಿಗೆ ಬರೆದುಕೊಟ್ಟಿದ್ದ. ಬೆಳಗ್ಗೆ ಅವಳನ್ನು ಶಾಲೆಗೆ ಬಿಡುವವನು ಅವನೇ, ಸಂಜೆ ಪಾಠ ಹೇಳಿಕೊಡುವವನು ಅವನೇ, ಭಾನುವಾರವಂತೂ ಮಗಳನ್ನು ಬಿಟ್ಟು ಕದಲುವವನೇ ಅಲ್ಲ. ಸಾಕ್ಷಿಗೆ ತನ್ನ ತಾಯಿಯನ್ನೂ, ಜೊತೆಗೆ ಮಗುವನ್ನೂ ಕರೆತಂದಿದ್ದ. ಜಗಲಿಯಲ್ಲಿ ಅವನ ಲಾಯರು ಮುದುಕಿಗೆ ಹೇಳಿಕೊಟ್ಟದ್ದು ನನಗೆ ಕೇಳಿಸಿತು: "ಹೆಚ್ಚು ಮಾತು ಬೇಡ ಅಜ್ಜಿ. ಮಗನ ಬಗ್ಗೆ ಒಳ್ಳೆಯದು ಮಾತ್ರ ಹೇಳಿ."

ಅಜ್ಜಿ ಮಾತು ತಪ್ಪಲಿಲ್ಲ.

"ನಿಮ್ಮ ಮಗ ಹೇಗಮ್ಮ?" ಎಂದರು ಜಡ್ಜ್.

"ಚಿನ್ನ ಸ್ವಾಮಿ! ಅವನಂಥ ಬ್ಯಾಟಿಂಗ್ ನಮ್ಮ ಮನೆತನದಲ್ಲೇ ಇಲ್ಲೆ. ಬೆಳಕು ಹರಿಯೋ ಮೊದಲು ಮೈದಾನಕ್ಕೆ ಹೋದ್ರೆ ಕತ್ತಲಾದ ಮೇಲೇ ಬರೋದು. ಭಾನುವಾರ ಊಟಕ್ಕೂ ಬರೋದಿಲ್ಲೆ ಪಾಪ. ಅಷ್ಟು ಕಷ್ಟಪಡ್ತಾನೆ."

ಮಗ ಕಣ್ಸನ್ನೆ ಮಾಡಿದ. ಅಜ್ಜಿ ಅದನ್ನು ಸಂಕೋಚ ಎಂದುಕೊಂಡಳು. "ನಾಚಿಕೆ ಎಂತಕ್ಕೆ ಮಗ? ಇದ್ದದ್ದೇ ಹೇಳ್ದು. ನೋಡಿ ಸ್ವಾಮಿ, ಮೊಬೈಲಲ್ಲೂ ಉಂಟು" ಎಂದು ಸೊಂಟದಿಂದ ಮೊಬೈಲು ತೆಗೆಯಲು ಹೋದಳು.

"ಅದು ಬೇಡಮ್ಮ," ಎಂದರು ಜಡ್ಜ್. "ಮಗುವಿನ ಸ್ನಾನ, ಊಟ, ಪಾಠ ಯಾರು ನೋಡ್ತಾರೆ?"

"ಇನ್ಯಾರು? ನಾನೇ. ಮಂಡಿನೋವು ಬೇರೆ. ರಾತ್ರಿ ಕೂಸು 'ಅವ್ವ ಬೇಕು' ಅಂತ ಅಳುವಾಗ ನನಗೂ ಅಳು ಬರ್ತದೆ ಸ್ವಾಮಿ. ಅವ್ವನ ಜಾಗಕ್ಕೆ ನಾನು ಆಗ್ತೇನಾ?"

ಆ ತಾಯಿ ಎದ್ದು ನಿಂತಳು. ಅಳಲಿಲ್ಲ. "ಕೂಸಿಗೆ ಅಪ್ಪನೂ ಬೇಕು, ಅಜ್ಜಿಯೂ ಬೇಕು ಸ್ವಾಮಿ. ನಾನು ಯಾರನ್ನೂ ತಪ್ಪಿಸೋದಿಲ್ಲ. ಕೂಸು ನನ್ನ ಹತ್ತಿರ ಇರಲಿ ಅಂತ ಮಾತ್ರ ಕೇಳೋದು" ಎಂದಳು. ಗಂಡ ತನ್ನ ತಾಯಿಯ ಮುಖ ನೋಡಿ, "ಆಗಲಿ" ಎಂದ. ಮಗು ತಾಯಿಯ ಹತ್ತಿರ, ಭಾನುವಾರ ಮತ್ತು ಶಾಲೆ ರಜೆಯಲ್ಲಿ ಅರ್ಧ ಅಪ್ಪನ ಮನೆಯಲ್ಲಿ. ಇಷ್ಟು ದಿನ ಎಳೆದಾಡಿದ್ದು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ನಾನು ಕಣ್ಣೊರೆಸಿಕೊಳ್ಳಲು ಕರ್ಚೀಫು ತೆಗೆದೆ.

ಆಗ ಅಜ್ಜಿ ಕೈಯೆತ್ತಿದಳು. "ಒಂದು ಮಾತು. ಪಂದ್ಯದ ದಿನ ಕೂಸು ನಮ್ಮ ಮನೆತನದ ಜೆರ್ಸಿಯನ್ನೇ ಹಾಕ್ಬೇಕು."

"ಅದು ಹೇಗಾಗ್ತದೆ?" ಎಂದಳು ತಾಯಿ. ಅಷ್ಟು ಗಟ್ಟಿ ಸ್ವರ ಅವಳಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. "ನನ್ನ ತವರಿನವರೂ ಆಡ್ತಾರೆ. ಹೋದ ಸಲ ಸೆಮಿಫೈನಲಿಗೆ ಬಂದವರು ನಾವು!"

"ನಮ್ಮವರು ಬಾರದೆ ಇದ್ದದ್ದಕ್ಕೆ ನೀವು ಬಂದದ್ದು!"

ಮಗುವಿನ ವಿಷಯದಲ್ಲಿ ಏಳದ ಗಲಾಟೆ ಜೆರ್ಸಿಗೆ ಎದ್ದಿತು. ಇಬ್ಬರು ಲಾಯರೂ ಎದ್ದು ವಾದಿಸತೊಡಗಿದರು. ಕರ್ಚೀಫು ಹಾಗೇ ಕೈಯಲ್ಲಿತ್ತು. ಜಡ್ಜ್ ಮೇಜು ಕುಟ್ಟಿ, "ಮಗುವನ್ನೇ ಕರೀರಿ" ಎಂದರು.

ಹೊರಗೆ, ಕೇಸು ನೋಡಲು ಬಂದಿದ್ದ ನನ್ನ ಹೆಂಡತಿಯ ತೊಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದ ಮಗು ಒಳಗೆ ಬಂತು. ಬಂದದ್ದೇ ಓಡಿ ತಾಯಿಯ ಸೊಂಟ ತಬ್ಬಿಕೊಂಡಿತು.

"ಎರಡೂ ಮನೆಯವರಿಗೇ ಪಂದ್ಯ ಬಿದ್ದರೆ ನೀನು ಯಾರ ಜೆರ್ಸಿ ಹಾಕ್ತೀಯಮ್ಮ?" ಎಂದರು ಜಡ್ಜ್.

ಮಗು ಅಪ್ಪನನ್ನು ನೋಡಿತು, ಅವ್ವನನ್ನು ನೋಡಿತು, ಚೆನ್ನಾಗಿ ಯೋಚಿಸಿತು.

"ಅಪ್ಪ ಔಟಾಗೋ ತನಕ ಅಪ್ಪಂದು. ಆಮೇಲೆ ಪೂರಾ ಅವ್ವಂದು."

"ಭೇಷ್! ಸಮಪಾಲು," ಎಂದರು ಜಡ್ಜ್.

"ಸಮ ಇಲ್ಲ," ಎಂದಿತು ಮಗು. "ಅಪ್ಪ ಹೋದ ಕೂಡಲೇ ಔಟಾಗ್ತಾನೆ."

ಅಜ್ಜಿ ಮಂಡಿನೋವು ಮರೆತು ಎದ್ದು ನಿಂತಳು.

"ಅಲ್ಲ ಸ್ವಾಮಿ! ಅದು ಅಂಪೈರು ಮಾಡಿದ ಮೋಸ! ಬಿಟ್ಟಿ ಲಾಯರು ಗಂಡಸರಿಗೂ ಸಿಕ್ತಾರಾ ಹೇಳಿ, ಅದಕ್ಕೂ ಒಂದು ಕೇಸು ಹಾಕುವ!"