ಗೇಟಿನ ಯಂತ್ರದವರಿಗೆ ಅಪರಿಚಿತ ವ್ಯಕ್ತಿಯ ಅರಿಕೆ

ವಿಶ್ವವಿದ್ಯಾಲಯದ ಮುಖ್ಯ ಗೇಟಿನ ಬಲಗಂಬದಲ್ಲಿ, ಪುಟ್ಟ ತಗಡಿನ ಸೂರಿನಡಿ ವಿರಾಜಮಾನರಾಗಿ, ಬಂದವರ ಮುಖ ನೋಡಿ ಹಾಜರಿ ಹಾಕುವ ಮಾನ್ಯ ಯಂತ್ರದವರೇ,

ತಮ್ಮ ಗಾಜು ಸದಾ ಶುಭ್ರವಾಗಿರಲಿ, ತಮ್ಮ ಹಸಿರು ದೀಪ ಎಂದೂ ಆರದಿರಲಿ ಎಂದು ಹಾರೈಸುತ್ತಾ ತಮ್ಮ ಅಮೂಲ್ಯ ಸಮಯದಲ್ಲಿ ಕೆಲವು ನಿಮಿಷಗಳನ್ನು ಬೇಡುತ್ತಿದ್ದೇನೆ. ತಾವು ನನಗೆ ಇದುವರೆಗೆ ಎರಡು ಸೆಕೆಂಡಿಗಿಂತ ಹೆಚ್ಚು ಕೊಟ್ಟವರಲ್ಲ, ಆದರೂ ಕೇಳುವುದು ನನ್ನ ಧರ್ಮ.

ನಾನು ಒಂದು ಶಿಶುವಿಹಾರದಲ್ಲಿ ಹನ್ನೊಂದು ವರ್ಷಗಳಿಂದ ಸಹಾಯಕಿ, ಅಂದರೆ ಟೀಚರ್ ಪಾಠ ಹೇಳುವಾಗ ಪಕ್ಕದಲ್ಲಿ ನಿಂತು ಮಕ್ಕಳ ಮೂಗು ಒರೆಸುವವಳು. ಪದವಿ ತಂದರೆ ಮುಂದಿನ ವರ್ಷ ನನ್ನದೇ ಒಂದು ತರಗತಿ ಕೊಡುತ್ತೇನೆಂದು ಮುಖ್ಯೋಪಾಧ್ಯಾಯಿನಿ ಮಾತು ಕೊಟ್ಟಿದ್ದಾರೆ. ಆ ಆಸೆಗೆ ಬಿದ್ದು ಪ್ರತಿ ಶನಿವಾರ ನಾಲ್ಕು ತಾಸು ಬಸ್ಸಿನಲ್ಲಿ ಕುಲುಕಿಸಿಕೊಂಡು ತಮ್ಮೂರಿಗೆ ಬರುತ್ತೇನೆ, ಭಾನುವಾರ ಸಂಜೆ ಅಷ್ಟೇ ಕುಲುಕಿಸಿಕೊಂಡು ಹಿಂದಿರುಗುತ್ತೇನೆ. ತಾಯಿ ಪದೇ ಪದೇ ದೂರವಾದರೆ ಎಳೆಯ ಮಕ್ಕಳ ಮನಸ್ಸಿಗೆ ಏನಾಗುತ್ತದೆ ಎಂಬ ಪಾಠವನ್ನು, ನನ್ನ ಎರಡೂ ಮಕ್ಕಳನ್ನು ಅತ್ತೆಯ ವಶಕ್ಕೆ ಒಪ್ಪಿಸಿ ಬಂದು, ಮೂರನೇ ಬೆಂಚಿನಲ್ಲಿ ಕುಳಿತು ಬಹಳ ಶ್ರದ್ಧೆಯಿಂದ ಬರೆದುಕೊಂಡಿದ್ದೇನೆ.

ಪರೀಕ್ಷೆಗೆ ಕೂರಬೇಕಾದರೆ ಈ ವರ್ಷ ಮೂವತ್ತು ದಿನದ ಹಾಜರಿ ಬೇಕು. ನಾನು ಬಂದದ್ದು ಮೂವತ್ತನಾಲ್ಕು ದಿನ. ಅದರಲ್ಲಿ ನಾಲ್ಕು ದಿನ ತಾವು ಕೆಂಪು ದೀಪ ಹೊತ್ತಿಸಿ 'ಅಪರಿಚಿತ ವ್ಯಕ್ತಿ' ಎಂದು ತೀರ್ಪು ಕೊಟ್ಟಿರಿ. ನಾನು ದೂರುತ್ತಿಲ್ಲ, ಮೆಚ್ಚುತ್ತಿದ್ದೇನೆ. ದಾಖಲಾತಿಯ ದಿನ ತಾವು ನೆನಪಿಟ್ಟುಕೊಂಡ ಮುಖ ಹಿಂದಿನ ದಿನ ಒಂಬತ್ತು ತಾಸು ನಿದ್ದೆ ಮಾಡಿ, ತಲೆ ಬಾಚಿ, ಕನ್ನಡಿ ನೋಡಿಕೊಂಡು ಬಂದ ಮುಖ. ಈಗಿನದು ಅದಲ್ಲ ಎಂದು ಕಂಡುಹಿಡಿದವರು ಈ ಭೂಮಿಯ ಮೇಲೆ ತಾವೊಬ್ಬರೇ. ನನ್ನ ಯಜಮಾನರು ನಾನು ಕನ್ನಡಕ ಬದಲಾಯಿಸಿ ಐದು ತಿಂಗಳಾದರೂ ಇನ್ನೂ ಗಮನಿಸಿಲ್ಲ.

ಗೇಟಿನ ಕಾವಲುಗಾರರು ಒಳ್ಳೆಯವರು. "ಸ್ವಲ್ಪ ನಗ್ರಿ ಮೇಡಂ, ನಕ್ರೆ ತಗೊಳುತ್ತೆ ಅದು" ಎಂದು ದಾರಿ ಹೇಳಿಕೊಟ್ಟರು. ನಕ್ಕೆ. ಕಂಬದ ಮುಂದೆ ಒಬ್ಬಳೇ ಹಲ್ಲು ಕಿರಿಯುತ್ತಾ ನಿಂತವಳನ್ನು ನೋಡಿ ಹಿಂದಿನ ಸಾಲಿನ ಹುಡುಗಿಯರೂ ನಕ್ಕರು. ತಾವು ಮಾತ್ರ ಜಗ್ಗಲಿಲ್ಲ. ಕಾವಲುಗಾರರು ಪಾಠಕ್ಕೆ ಒಳಗೆ ಬಿಟ್ಟರು, ಹಾಜರಿ ಬೀಳಲಿಲ್ಲ.

ಉಳಿದದ್ದು ಸರಿಯಾಗಿ ಮೂವತ್ತು. ಆದರೆ ಅದರಲ್ಲೊಂದು ದಿನ ಅತ್ತೆಗೆ ಕಣ್ಣಿನ ಆಪರೇಷನ್, ಯಜಮಾನರಿಗೆ ರಜೆ ಇಲ್ಲ. ಚಿಕ್ಕವನನ್ನು ಪಕ್ಕದ ಮನೆಗೆ ದಾಟಿಸಿ ಹತ್ತು ವರ್ಷದ ದೊಡ್ಡವಳನ್ನು ಜೊತೆಗೆ ಕರೆತಂದಿದ್ದೆ. ಬಸ್ಸಿನಲ್ಲಿ ನಾಲ್ಕು ತಾಸೂ ನನ್ನ ತೊಡೆಯ ಮೇಲೆ ಗಡದ್ದಾಗಿ ನಿದ್ದೆ ಹೊಡೆದು ಎದ್ದಿದ್ದ ಆ ಮಗು, ನಾನು ಚೀಲ ಸರಿಮಾಡಿಕೊಳ್ಳುವಷ್ಟರಲ್ಲಿ ತುದಿಗಾಲಲ್ಲಿ ನಿಂತು ತಮ್ಮನ್ನು ಇಣುಕಿ ನೋಡಿದಳು. ತಾವು ಹಸಿರು ದೀಪ ಹೊತ್ತಿಸಿ, ನನ್ನ ಹೆಸರು ಹಿಡಿದು ಅವಳಿಗೆ ಸ್ವಾಗತ ಕೋರಿದಿರಿ. ಕೆಲಸ ಆಯಿತಲ್ಲ ಎಂದು ನಾನೂ ಒಳಗೆ ನಡೆದುಬಿಟ್ಟೆ. ಆ ತಪ್ಪು ನನ್ನದೇ, ಒಪ್ಪಿದೆ.

ಕಳೆದ ವಾರ ಹಾಜರಿ ವಿಭಾಗದ ಗುಮಾಸ್ತರು ಆ ದಿನದ ಚಿತ್ರ ತೆಗೆದು ತೋರಿಸಿ "ಇದು ನೀವಲ್ಲ" ಎಂದು ಹಾಜರಿ ಹೊಡೆದುಹಾಕಿದರು. ಈಗ ಇಪ್ಪತ್ತೊಂಬತ್ತು. ಒಂದೇ ಒಂದು ದಿನ ಕಡಿಮೆ, ಪ್ರವೇಶಪತ್ರ ಇಲ್ಲ, ತರಗತಿಯೂ ಇಲ್ಲ, ಮತ್ತೆ ಮೂಗು ಒರೆಸುವುದೇ. ತಾವು ತಿರಸ್ಕರಿಸಿದ ನಾಲ್ಕು ದಿನದ ಚಿತ್ರಗಳನ್ನೂ ತಾರೀಖಿನ ಸಮೇತ ಜೋಪಾನ ಮಾಡಿದ್ದೀರಿ ಎಂದು ತಿಳಿದದ್ದು ಆಗಲೇ. ಒಂದರಲ್ಲಿ ಭುಜದ ಮೇಲೆ ಹಲ್ಲುಪುಡಿಯ ಕಲೆ, ಇನ್ನೊಂದರಲ್ಲಿ ಚಿಕ್ಕವನು ನನ್ನ ಕೆನ್ನೆಗೆ ಅಂಟಿಸಿದ್ದ ಆನೆಯ ಸ್ಟಿಕ್ಕರ್, ನಾಲ್ಕರಲ್ಲೂ ಕಣ್ಣ ಕೆಳಗೆ ಕಪ್ಪು. "ಇವೆಲ್ಲ ನಾನೇ ಅಲ್ವಾ?" ಎಂದರೆ ಗುಮಾಸ್ತರು ಕನಿಕರದಿಂದಲೇ, "ಇರಬಹುದು ಮೇಡಂ, ಆದ್ರೆ ಇದರಲ್ಲಿ ಹೆಸರಿಲ್ಲ. ಯಾರ ಹೆಸರಿಗೆ ಬರೀಲಿ?" ಎಂದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಬಿನ್ನಹ. ದಾಖಲಾತಿಯ ದಿನದ ಆ ಚೆಂದದ ಹೆಂಗಸು ಈ ಕ್ಯಾಂಪಸ್ಸಿಗೆ ಕಾಲಿಟ್ಟದ್ದು ಅದೊಂದೇ ಸಲ, ಅವಳಿಗೆ ಒಂದಕ್ಷರ ಬರುವುದಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲೆ ಪುಸ್ತಕ ಇಟ್ಟು ಓದಿದ್ದು, ಟಿಪ್ಪಣಿಯ ಅಂಚಿನಲ್ಲಿ ಮಗನಿಗೆ ಔಷಧ ಕೊಡುವ ಹೊತ್ತು ಬರೆದುಕೊಂಡದ್ದು, ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಫೋನಿನಲ್ಲೇ ದೊಡ್ಡವಳಿಗೆ ಭಾಗಾಕಾರ ಹೇಳಿಕೊಟ್ಟದ್ದು ಎಲ್ಲ ಆ ಅಪರಿಚಿತ ವ್ಯಕ್ತಿಯೇ. ಹೀಗಾಗಿ ಪ್ರವೇಶಪತ್ರವನ್ನು ಅಪರಿಚಿತ ವ್ಯಕ್ತಿಯ ಹೆಸರಿಗೇ ಕೊಡಿಸಬೇಕು. ಅದಾಗದಿದ್ದರೆ ನನ್ನ ಹಳೆಯ ಮುಖವನ್ನಾದರೂ ವಾಪಸ್ ಕೊಡಿ, ನನ್ನ ಬಳಿ ಅದರ ಇನ್ನೊಂದು ಪ್ರತಿ ಇಲ್ಲ.

ಸಾಧ್ಯವಾದರೆ ಒಂದು ಭಾನುವಾರ ತಾವು ನಮ್ಮ ಮನೆಗೂ ದಯಮಾಡಿಸಬೇಕು. ನಾನು ಬೀದಿಯ ತಿರುವಿನಲ್ಲಿರುವಾಗಲೇ, ಮುಚ್ಚಿದ ಬಾಗಿಲ ಹಿಂದಿನಿಂದ, ನನ್ನ ಚಪ್ಪಲಿಯ ಸದ್ದೊಂದರಿಂದಲೇ ನಾಲ್ಕು ವರ್ಷದ ಚಿಕ್ಕವನು "ಅಮ್ಮ ಬಂದ್ಳು" ಎನ್ನುತ್ತಾನೆ. ಅವನು ಮುಖವನ್ನು ನೋಡುವುದೂ ಇಲ್ಲ, ಬಂದು ಕಾಲು ತಬ್ಬಿಕೊಳ್ಳುತ್ತಾನೆ. ಆಗ ನನಗೆ ಪ್ರತಿ ಸಲವೂ ಅಳು ಬರುತ್ತದೆ. ಅವನ ಬಳಿ ತಾವು ಒಂದು ವಾರ ತರಬೇತಿ ಪಡೆದರೆ ಇಬ್ಬರಿಗೂ ಅನುಕೂಲ.

ಇಷ್ಟಾದರೂ ತಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಅಪರಿಚಿತ ವ್ಯಕ್ತಿ
(ನಾಲ್ಕು ಚಿತ್ರಗಳು ತಮ್ಮಲ್ಲೇ ಇವೆ)

ಮರೆತ ಮಾತು: ಪರೀಕ್ಷೆಯ ದಿನವೂ ಗೇಟಿನಲ್ಲಿ ತಾವೇ ಇರುತ್ತೀರಂತೆ. ಹಾಗಾದರೆ ದೊಡ್ಡವಳನ್ನು ಕರೆತರುತ್ತೇನೆ. ತಮ್ಮ ಪ್ರಕಾರ ನಾನೇ ಆಗಿರುವ ಅವಳು ಒಳಗೆ ಹೋಗಿ ಪರೀಕ್ಷೆ ಬರೆಯಲಿ. ನಾನು ತಮ್ಮ ಸೂರಿನಡಿ ಕೂತು ಅವಳ ಹೋಂವರ್ಕ್ ಮುಗಿಸಿ, ಉಳಿದ ಹೊತ್ತು ಒಂದು ಒಳ್ಳೆಯ ನಿದ್ದೆ ತೆಗೆಯುತ್ತೇನೆ. ಎದ್ದ ಮೇಲೆ ಒಮ್ಮೆ ಮುಖ ತೋರಿಸುತ್ತೇನೆ, ಗುರುತು ಸಿಕ್ಕರೆ ತಿಳಿಸಿ.