ಬೋರೆಯ ಪರವಾಗಿ ನಮ್ಮತ್ತೆ

ನಮ್ಮತ್ತೆಯ ಜತೆ ಜಗಳವಾಡದವರು ನಮ್ಮೂರಿನಲ್ಲಿ ಇಬ್ಬರೇ. ಒಂದು, ಹೋದ ವಾರ ಹುಟ್ಟಿದ ಕೂಸು, ಇನ್ನೊಂದು, ಊರದೇವರು. ದೇವರ ವಿಷಯದಲ್ಲಿ ನನಗೆ ಕೊಂಚ ಅನುಮಾನವಿದೆ. ಅತ್ತೆ ಗುಡಿಯಿಂದ ಮುಖ ಊದಿಸಿಕೊಂಡು ಬರುವುದನ್ನು ನಾನೇ ಎರಡು ಸಲ ನೋಡಿದ್ದೇನೆ.

ಇವಳು ನಮ್ಮಪ್ಪನ ಕೊನೆಯ ತಂಗಿ, ನನಗಿಂತ ಹತ್ತು ವರ್ಷ ದೊಡ್ಡವಳು. ಕಟ್ಟೆಮಳಲವಾಡಿಗೆ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾಲ್ಕು ಆಡು ಸಾಕಿಕೊಂಡಿದ್ದಾಳೆ. ಜಗಳಕ್ಕೆ ಕಾರಣ ಯಾವಾಗಲೂ ಒಂದೇ: ಊರಾಚೆಯ ಬೋರೆ. ಅದು ಬೆಟ್ಟವೂ ಅಲ್ಲ, ಹೊಲವೂ ಅಲ್ಲ. ನೀರು ನಿಲ್ಲದ ಕೆಂಪು ನೆಲದ ದಿಣ್ಣೆ; ಮೊಣಕಾಲುದ್ದ ಹುಲ್ಲು, ಅಲ್ಲಲ್ಲಿ ಕಾರೆ, ಎಲಚಿ, ತಂಗಡಿ ಪೊದೆ. ನೋಡಿದವರು "ಇಲ್ಲೇನಿದೆ?" ಎನ್ನುವಂಥ ಜಾಗ. ಹಾಗೆ ಕೇಳಿದವರಿಗೆ ಅತ್ತೆ ಅರ್ಧ ದಿನ ಉತ್ತರ ಹೇಳುತ್ತಿದ್ದಳು. ಆದ್ದರಿಂದ ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಒಮ್ಮೆ ಊರಿನ ಯುವಕರು ಬೋರೆಯಲ್ಲಿ ಕ್ರಿಕೆಟ್ ಪಂದ್ಯಾವಳಿ ಇಟ್ಟುಕೊಂಡರು. ಹುಲ್ಲು ಕೆತ್ತಿ ಪಿಚ್ ಮಾಡಿದ್ದಾಯಿತು, ಶಾಮಿಯಾನ ಹಾಕಿದ್ದಾಯಿತು. ಪಂದ್ಯದ ದಿನ ನೋಡಿದರೆ ಪಿಚ್ಚಿನ ಪಕ್ಕದಲ್ಲೇ ಟಿಟ್ಟಿಭ ಹಕ್ಕಿಯೊಂದು ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ ಇಟ್ಟಿದೆ, ಅದರ ಪಕ್ಕ ನಮ್ಮತ್ತೆ ಕೊಡೆ ಬಿಚ್ಚಿಕೊಂಡು ಕೂತಿದ್ದಾಳೆ. ನಮ್ಮ ತಂಡದ ನಾಯಕ ಬಂದು ಕೈಮುಗಿದ.

"ಅಜ್ಜಿ, ಪಿರಿಯಾಪಟ್ಟಣದಿಂದ ಟೀಮ್ ಬಂದದೆ. ವಸಿ ಆ ಕಡೀಕೆ ಕೂತ್ಕೊಳ್ಳಿ."

"ಚೆಂಡಾಡಕ್ಕೆ ನಿಮಗೆ ಇಸ್ಕೂಲ್ ಬಯಲದೆ. ಇದಕ್ಕೆ ಮೊಟ್ಟೆ ಇಡಕ್ಕೆ ಇನ್ನೆಲ್ಲದೆ, ಏಳ್ಲಾ?"

ಪಂದ್ಯಾವಳಿ ಶಾಲೆಯ ಬಯಲಿಗೆ ಹೋಯಿತು. ಅಲ್ಲಿ ಪಿರಿಯಾಪಟ್ಟಣದವರು ಗೆದ್ದರು. ಆ ಸೋಲಿಗೆ ಅತ್ತೆಯೇ ಕಾರಣವೆಂದು ನಮ್ಮವರು ಇವತ್ತಿಗೂ ಹೇಳುತ್ತಾರೆ.

ಸ್ವಂತ ಅಣ್ಣನ ಮಗನೆಂದು ನನ್ನನ್ನೇನಾದರೂ ಬಿಟ್ಟಳೇ? ನಾನಾಗ ಅದೇ ಶಾಲೆಯ ಹೆಡ್‌ಮಾಸ್ತರು. ಪರಿಸರ ದಿನಕ್ಕೆ ಗಣ್ಯರನ್ನು ಕರೆಸಿ ಬೋರೆಯ ತುಂಬ ಸಸಿ ನೆಡಿಸಿದೆ. ಭಾಷಣ, ಫೋಟೋ, ಉಪ್ಪಿಟ್ಟು ಎಲ್ಲ ಸಾಂಗವಾಗಿ ನಡೆಯಿತು. ಸಂಜೆ ಮನೆಗೆ ಬಂದರೆ ಅಷ್ಟೂ ಸಸಿಗಳು ಬೇರಿನ ಮಣ್ಣಿನ ಸಮೇತ ನಮ್ಮ ಹಿತ್ತಲಲ್ಲಿ ಸಾಲಾಗಿ ನಿಂತಿದ್ದವು. ಪರಿಸರ ದಿನದಂದೇ ಗಿಡ ಕಿತ್ತವರು ಜಿಲ್ಲೆಯಲ್ಲಿ ಇನ್ಯಾರಾದರೂ ಇದ್ದಾರೆಯೇ?

"ಏನತ್ತೆ ಇದು?" ಎಂದೆ.

"ರಸ್ತೆ ಬದೀಲಿ ನೆಡು, ನಿನ್ನ ಇತ್ತಲಲ್ಲಿ ನೆಡು. ಅಲ್ಲಿ ಮರ ಬೆಳೆದ್ರೆ ನೆಳ್ಳು ಬಿದ್ದು ಹುಲ್ಲು ಸಾಯ್ತದೆ. ಹುಲ್ಲೋದ್ರೆ ಗೌಜಲಕ್ಕಿ, ಮೊಲ, ನರಿ ಎಲ್ಲಾ ಓದಂಗೆಯ. ಬೋಳಾಗಿರೋದೆಲ್ಲ ಬಡವಲ್ಲ ಕಣ್ಲಾ ಮೇಷ್ಟ್ರೇ."

ಒಂದೇ ಉಸಿರಿನಲ್ಲಿ 'ಲಾ'ವನ್ನೂ 'ಮೇಷ್ಟ್ರೇ'ಯನ್ನೂ ಸೇರಿಸಿದ್ದಕ್ಕೆ ನಾನು ನಕ್ಕೆ. ಅವಳು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ನಿವೃತ್ತನಾದ ಮೇಲೆ ನನ್ನನ್ನು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಸೇರಿಸಿದರು. ನನ್ನ ಅರ್ಹತೆಯೆಂದರೆ ದುಂಡಗಿನ ಕೈಬರಹ. ಕಾಪಾಡಲೇಬೇಕಾದ ಒಂದು ಜಾಗವನ್ನು ಆರಿಸಿ, ಉಳಿದವುಗಳ ಬಗ್ಗೆ ಒಂದೊಂದು ಸಾಲು ಬರೆದು ಕಳಿಸಿ ಎಂದು ಮೇಲಿನಿಂದ ಪತ್ರ ಬಂದಿತ್ತು. ಸಭೆಯಲ್ಲಿ ಎಲ್ಲರೂ ಕೆರೆ ಎಂದರು. ಚಳಿಗಾಲದಲ್ಲಿ ದೂರದೇಶದ ಬಾತುಗಳು ಬರುತ್ತವೆ, ಏರಿಯ ಮೇಲೆ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ, ಇನ್ನೇನು ಬೇಕು? ಅಷ್ಟರಲ್ಲಿ ಅತ್ತೆ ಕರೆಯದೆಯೇ ಒಳಗೆ ಬಂದಳು.

"ಕೆರೆ ಬ್ಯಾಡ ಅನ್ನಕಿಲ್ಲ ನಾನು. ಕೆರೆಗೆ ಊರೆಲ್ಲಾ ಅದೆ. ನೀರು ಬೇಕು, ಮೀನು ಬೇಕು; ಯಾರಾರ ಕೈ ಆಕುದ್ರೆ ಊರೇ ಎದ್ದು ಬತ್ತದೆ. ಬೋರೆಗೆ ಯಾರವ್ರೆ?"

"ನೀವಿದ್ದೀರಲ್ಲಾ ಅಜ್ಜಿ," ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಭೆ ಮುಗಿಯುವ ತನಕ ಅತ್ತೆ ಹೊರಗೆ ಕಾದಿದ್ದಳು.

"ನಾಳೆ ಬೆಳಿಗ್ಗೆ ಒಂದ್ ಗಳಿಗೆ ನನ್ ಜತೆ ಬೋರೆಗೆ ಬಾ. ನೋಡ್ಬುಟ್ಟು ಆಮೇಲೆ ಬರಿ."

"ಮಂಡಿನೋವು ಕಣತ್ತೆ. ಇನ್ನೊಂದಿನ ಬತ್ತೀನಿ."

ಅವಳು ವಾದ ಮಾಡಲಿಲ್ಲ. ನನ್ನ ಮಂಡಿಯನ್ನೊಮ್ಮೆ ನೋಡಿ, "ಸರಿ ಬುಡು," ಎಂದು ಹೊರಟುಹೋದಳು.

ಮಂಡಿನೋವು ಸುಳ್ಳಲ್ಲ. ಆದರೆ ಅದೇ ಮಂಡಿ ಮರುದಿನ ಬೆಳಿಗ್ಗೆ ನನ್ನನ್ನು ದೋಸೆ ತಿನ್ನಲು ಹುಣಸೂರಿನ ತನಕ ಕರೆದುಕೊಂಡು ಹೋಯಿತು. ಮಧ್ಯಾಹ್ನ ಬಂದು ಬರೆಯಲು ಕೂತೆ. ಕೆರೆಗೆ ಎರಡು ಪುಟ. ಬೋರೆಯ ಹೆಸರಿನ ಮುಂದೆ ದುಂಡಗೆ ಬರೆದೆ: 'ಪಾಳುಭೂಮಿ. ವಿಶೇಷವೇನೂ ಇಲ್ಲ.'

ವರ್ಷ ತುಂಬುವ ಮೊದಲೇ ರಸ್ತೆ ಅಗಲ ಮಾಡುವವರಿಗೆ ಮಣ್ಣು ಬೇಕಾಯಿತು. ಎಲ್ಲಿ ತೆಗೆಯಬಹುದೆಂದು ಕಡತ ತಿರುವಿದವರಿಗೆ ನನ್ನ ಸಾಲು ಸಿಕ್ಕಿತು. ಅತ್ತೆ ಆಗ ಮೊಮ್ಮಗಳ ಬಾಣಂತನಕ್ಕೆಂದು ಭೇರ್ಯಕ್ಕೆ ಹೋಗಿದ್ದಳು. ಜೆಸಿಬಿಗಳು ಬಂದವು. ತಡೆಯುವವರು ಯಾರೂ ಇರಲಿಲ್ಲ. ಅವಳು ವಾಪಸು ಬರುವಷ್ಟರಲ್ಲಿ ಬೋರೆಯ ಮುಕ್ಕಾಲು ಪಾಲು ಮನೆಯೆತ್ತರದಷ್ಟು ಆಳದ ಹಳ್ಳವಾಗಿತ್ತು.

ಅವಳು ಬಂದು ಉಗಿಯುತ್ತಾಳೆಂದು ನಾನು ಮನೆಯೊಳಗೇ ಕೂತೆ. ಬರಲಿಲ್ಲ. ಯಾರ ಮೇಲೂ ಜಗಳಕ್ಕೆ ಹೋಗಲಿಲ್ಲ. ಆಡುಗಳನ್ನು ಜಗುಲಿಯ ಕಂಬಕ್ಕೆ ಕಟ್ಟಿ, ಅವುಗಳ ಪಕ್ಕದಲ್ಲೇ ಕೂತಿರುತ್ತಿದ್ದಳು. "ಅಜ್ಜಿಗೆ ಉಸಾರಿಲ್ವಾ?" ಎಂದು ಊರವರು ನನ್ನನ್ನು ಕೇಳತೊಡಗಿದರು.

ಹತ್ತು ದಿನ ತಡೆದು ನಾನೇ ಹೋದೆ.

"ನಡಿ ಅತ್ತೆ, ಬೋರೆಗೆ ಹೋಗಿ ಬರಾನ."

"ಈಗ ಅಲ್ಲೇನದೆ?" ಎಂದಳು. ಆದರೂ ಎದ್ದು ಬಂದಳು.

ಹಳ್ಳದ ಆಚೆ ಒಂದು ಪಟ್ಟಿ ಹುಲ್ಲು ಉಳಿದಿತ್ತು. ಅದರ ನಡುವೆ ನಡೆದು ಅಂಚಿಗೆ ಬಂದೆವು. ಅತ್ತೆ ಒಂದೊಂದಾಗಿ ತೋರಿಸಿದಳು. ಅಲ್ಲಿ ನರಿ ಮರಿ ಹಾಕುತ್ತಿತ್ತು, ಅಲ್ಲಿ ಗೌಜಲಕ್ಕಿಗಳು ಮಣ್ಣಿನಲ್ಲಿ ಹೊರಳಾಡುತ್ತಿದ್ದವು, ಅಲ್ಲಿ ಕಾರೆ ಹಣ್ಣು ಎಲ್ಲಕ್ಕಿಂತ ಸಿಹಿ. ಅವಳು ಬೆರಳು ಮಾಡಿದ ಕಡೆಯೆಲ್ಲ ಬರೀ ಗಾಳಿ ಇತ್ತು. ನಾನು ಒಂದು ಕಲ್ಲಿನ ಮೇಲೆ ಕೂತೆ.

"ಅತ್ತೆ, ಪಾಳು ಅಂತ ಬರೆದೋನು ನಾನೇ."

"ಗೊತ್ತು. ಪಂಚಾಯ್ತೀಲಿ ಓದ್ಸಿ ಕೇಳ್ದೆ."

"ಮತ್ಯಾಕೆ ಬಂದು ಬೈಲಿಲ್ಲ?"

ಅವಳು ನನ್ನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತಳು. ಹುಲ್ಲಿನ ಬೀಜಗಳು ನನ್ನ ಪಂಚೆಯ ಅಂಚಿಗೆಲ್ಲ ಮುಳ್ಳಿನಂತೆ ಚುಚ್ಚಿಕೊಂಡಿದ್ದವು. ಒಂದೊಂದಾಗಿ ಬಿಡಿಸತೊಡಗಿದಳು.

"ಆವತ್ತು ನಿನ್ನ ಎಳ್ಕಂಡ್ ಬರ್ಬೇಕಿತ್ತು ನಾನು. ನೋಡಿದ್ರೆ ನೀನು ಅಂಗೆ ಬರೀತಿರ್ಲಿಲ್ಲ. ಊರೋರ್ನೆಲ್ಲ ಎಳ್ದೋಳು, ನಿನಗೆ ಕಾಲು ನೋಯ್ತದಲ್ಲ ಅಂತ ಬುಟ್ಬುಟ್ಟೆ. ತಪ್ಪು ನಂದೂ ಅದೆ, ಬುಡು."

ದೋಸೆಯ ವಿಷಯ ನಾನವಳಿಗೆ ಇವತ್ತಿಗೂ ಹೇಳಿಲ್ಲ.

ಬಿಡಿಸಿದ ಬೀಜಗಳನ್ನು ಅವಳು ಎಸೆಯಲಿಲ್ಲ, ಅಂಗೈಯಲ್ಲಿ ಕೂಡಿಸಿಕೊಂಡಳು. ಪಂಚೆಯೆಲ್ಲ ಚೊಕ್ಕಟವಾದ ಮೇಲೆ ಎದ್ದು ಹೋಗಿ, ಹಳ್ಳದ ಅಂಚಿನ ಸಡಿಲ ಮಣ್ಣಿನ ಮೇಲೆ ಅವನ್ನು ಉದುರಿಸಿದಳು. ಆಮೇಲೆ ಬಂದು, ನಾನು ಏಳಲೆಂದು ಕೈ ಕೊಟ್ಟಳು.