ಸೊರಗದ ಹನ್ನೆರಡು ಬಳ್ಳಿ

ಗಿಡದ ಆಫೀಸಿನಲ್ಲಿ ನಗೋದಕ್ಕೇನಿದೆ ಅಂತ ಕೇಳುವವರು ಒಂದು ವಾರ ನಮ್ಮ ಸಂಶೋಧನಾ ಕೇಂದ್ರಕ್ಕೆ ಬಂದು ಕೂರಬೇಕು. ಗಿಡಕ್ಕೆ ನೀರು ಕೊಡದೆ ಸತಾಯಿಸೋದು, ಬೇಕಂತಲೇ ರೋಗ ಹಚ್ಚೋದು, ಆಮೇಲೆ ಅದರ ಎಲೆ ಕಿತ್ತು ಅರೆದು ಒಳಗೆ ಯಾವ ಜೀನ್ ಎದ್ದಿದೆ, ಯಾವುದು ಮಲಗಿದೆ ಅಂತ ನೋಡೋದು. ಇದು ನನ್ನ ಉದ್ಯೋಗ. ಇಪ್ಪತ್ತು ವರ್ಷದಿಂದ ಸಂಬಳ ತಗೊಂಡು ಇದನ್ನೇ ಮಾಡ್ತಿದ್ದೇನೆ. ಭಾಗಮಂಡಲದಲ್ಲಿರೋ ನನ್ನ ಅಮ್ಮ, ಯಾರಾದರೂ ಕೇಳಿದರೆ, "ಮಗಳು ತೋಟದ ಆಫೀಸಲ್ಲಿದ್ದಾಳೆ" ಅಂತ ಹೇಳಿ ಮಾತು ಬದಲಾಯಿಸ್ತಾರೆ. ಇಂಥ ಜಾಗದಲ್ಲಿ ಎಡವಟ್ಟು ಆಗದೆ ಇನ್ನೆಲ್ಲಿ ಆಗಬೇಕು?

ಈ ವರ್ಷ ಆದದ್ದೆಲ್ಲ ಹನ್ನೆರಡು ಮೆಣಸಿನ ಬಳ್ಳಿಯ ಸುತ್ತ. ಕಾಳುಮೆಣಸಿಗೆ ಸೊರಗು ರೋಗ ಅಂತ ಒಂದಿದೆ. ಮಳೆಗಾಲದಲ್ಲಿ ಮಣ್ಣಿನಿಂದ ಏಳುತ್ತೆ. ಈ ವಾರ ಹಸಿರಾಗಿ ಮರ ತಬ್ಬಿಕೊಂಡಿದ್ದ ಬಳ್ಳಿ ಮುಂದಿನ ವಾರ ಒಣ ಹಗ್ಗ. ಶ್ರೀಮಂಗಲದ ಹತ್ತಿರ ಒಬ್ಬರು ಆಂಟಿ ಇದ್ದಾರೆ, ಒಬ್ಬರೇ ತೋಟ ನೋಡಿಕೊಳ್ಳೋರು. ಒಂದೇ ಮಳೆಗಾಲದಲ್ಲಿ ಅವರ ಬಳ್ಳಿಯೆಲ್ಲ ಹೋಗಿ ಒಂದೇ ಒಂದು ಉಳಿಯಿತು. ಅದರ ತುಂಡು ಕಡಿದು ನನಗೆ ಹನ್ನೆರಡು ಗಿಡ ಮಾಡಿಸಿ ಕೊಟ್ಟರು. ಕೊಡುವಾಗಲೇ ಹೇಳಿದರು, "ನೋಡಮ್ಮ, ಇದು ದಾನ ಅಲ್ಲ. ನೋಡಿಕೊಳ್ಳೋಕೆ ಕೊಟ್ಟಿದ್ದೀನಿ. ಇದು ಯಾಕೆ ಸಾಯಲಿಲ್ಲ ಅಂತ ಹೇಳು, ನಾನು ತೋಟ ಪೂರ್ತಿ ಇದನ್ನೇ ಹಾಕ್ತೀನಿ. ಇಲ್ಲಾಂದ್ರೆ ಮೆಣಸಿನ ಆಸೆ ಬಿಡ್ತೀನಿ."

ನಮ್ಮ ಸಾಹೇಬರಿಗೆ ಇದು ಹಿಡಿಸಲಿಲ್ಲ. ಅವರು ಕೂರೋದು ಪೇಟೆಯ ದೊಡ್ಡ ಆಫೀಸಿನಲ್ಲಿ, ನಮ್ಮ ಕೇಂದ್ರಕ್ಕೆ ಬರೋದು ಯಾವಾಗಲಾದರೂ ಒಮ್ಮೆ. "ಒಂದು ಬಳ್ಳಿ ಉಳಿದರೆ ಅದು ಅದೃಷ್ಟ ಕಣಮ್ಮ, ವಿಜ್ಞಾನ ಅಲ್ಲ" ಅಂದರು. ನೆರಳಿಗೆ ಬಲೆ ಹೊದಿಸಿ ಬಳ್ಳಿ ಇಟ್ಟಿದ್ದ ಶೇಡ್‌ನೆಟ್ ಮನೆ ಮೇಲೆ ಅವರ ಕಣ್ಣು ಬಿದ್ದಿತ್ತು. ಅಲ್ಲಿಂದ ಬೆಟ್ಟ ಚೆನ್ನಾಗಿ ಕಾಣುತ್ತೆ. ಬಲೆ ಕಿತ್ತು ಹಾಕಿ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳೋಕೆ ಒಂದು ಜಗಲಿ ಕಟ್ಟಬೇಕು ಅಂತ ಅವರ ಆಸೆ. "ಈ ಮಳೆಗಾಲದೊಳಗೆ ಏನಾದರೂ ತೋರಿಸಿ. ಇಲ್ಲದಿದ್ದರೆ ಗಿಡ ಕಿತ್ತು ಜಾಗ ಬಿಡಿ" ಅಂದರು. ಕೀಳಲ್ಲ ಅಂತ ನಾನು ಅವತ್ತೇ ತೀರ್ಮಾನ ಮಾಡಿದೆ. ನನಗೆ ಸೊಕ್ಕು ಜಾಸ್ತಿ ಅಂತ ಆಫೀಸಿನಲ್ಲಿ ಮಾತಿದೆ. ಇರಲಿ ಬಿಡಿ, ಈ ಕೆಲಸಕ್ಕೆ ಸ್ವಲ್ಪ ಬೇಕಾಗುತ್ತೆ.

ಬಾಯಾರಿಕೆ

ಬೇಸಿಗೆಯಲ್ಲಿ ಮೊದಲು ಬಾಯಾರಿಕೆಯ ಪರೀಕ್ಷೆ. ಒಂದು ಸಾಲು ಆಂಟಿಯ ಹನ್ನೆರಡು ಬಳ್ಳಿ, ಹೋಲಿಸಿ ನೋಡೋಕೆ ಎದುರು ಸಾಲಿನಲ್ಲಿ ನರ್ಸರಿಯ ಹನ್ನೆರಡು ಸಾಧಾರಣ ಬಳ್ಳಿ. ಎರಡಕ್ಕೂ ಒಂಬತ್ತು ದಿನ ಒಂದು ಹನಿ ನೀರಿಲ್ಲ. ನೀರು ತಪ್ಪಿದರೆ ಗಿಡ ತನ್ನೊಳಗೇ ಒಂದು ರಸ ಮಾಡಿಕೊಳ್ಳುತ್ತೆ. ಆ ರಸ ಎಲೆಯ ಸಣ್ಣ ಸಣ್ಣ ರಂಧ್ರಗಳನ್ನ ಮುಚ್ಚಿಸಿ, ಇರೋ ತೇವ ಆರಿಹೋಗದ ಹಾಗೆ ನೋಡಿಕೊಳ್ಳುತ್ತೆ. ಅದು ಎಷ್ಟು ಬೇಗ, ಎಷ್ಟು ಜೋರಾಗಿ ಆಗುತ್ತೆ ಅಂತ ನಾನು ಅಳೀಬೇಕಿತ್ತು.

ಒಂಬತ್ತನೇ ದಿನ ನರ್ಸರಿ ಬಳ್ಳಿಗಳು ತಲೆ ಬಗ್ಗಿಸಿ ನಿಂತಿದ್ದವು. ಆಂಟಿಯ ಬಳ್ಳಿಗಳು ಮದುವೆಗೆ ಹೊರಟವರ ಹಾಗೆ ಮಿರಿಮಿರಿ ಅಂತಿದ್ದವು. ಎಲೆ ಅರೆದು ನೋಡಿದರೆ ಬಾಯಾರಿಕೆಯ ರಸ ಹೆಸರಿಗೂ ಇಲ್ಲ. ಸಾಹೇಬರಿಗೆ ಫೋನ್ ಮಾಡಿ, "ಸಾರ್, ಈ ಬಳ್ಳಿಗೆ ಬಾಯಾರಿಕೆ ಅನ್ನೋದೇ ಗೊತ್ತಿಲ್ಲ" ಅಂತ ಹೇಳಿಬಿಟ್ಟೆ.

ಮರುದಿನ ಬೆಳಿಗ್ಗೆ ಬೇಗ ಹೋದೆ. ನಮ್ಮಲ್ಲಿ ಕಸ ಗುಡಿಸೋ ಅಕ್ಕ ಒಂದು ಚೊಂಬು ಹಿಡಿದುಕೊಂಡು ಆಂಟಿಯ ಬಳ್ಳಿಗಳಿಗೆ ಒಂದೊಂದಾಗಿ ನೀರು ಹಾಕ್ತಿದ್ದರು.

"ಅಕ್ಕಾ, ಏನು ಮಾಡ್ತಿದ್ದೀರಿ?"

"ಪಾಪ ಮೇಡಂ, ಎಷ್ಟು ದಿನ ಅಂತ ನೋಡ್ಲಿ."

"ಹಾಗಾದ್ರೆ ಆ ಕಡೆಯ ಹನ್ನೆರಡು ಪಾಪ ಅಲ್ವಾ?"

"ಅವು ನಮ್ಮವೇ ಅಲ್ವಾ, ಹೇಗೋ ಇರ್ತಾವೆ. ಇವು ಬೇರೆ ಮನೆಯಿಂದ ಬಂದಿದಾವೆ. ನೆಂಟರ ಮಕ್ಕಳನ್ನ ಉಪವಾಸ ಕೆಡವೋದು ಸರೀನಾ?"

ಸಾಹೇಬರಿಗೆ ಮತ್ತೆ ಫೋನ್ ಮಾಡಿ ನಿಜ ಹೇಳಿದೆ. ಅವರು ತುಂಬ ಹೊತ್ತು ನಕ್ಕರು. ನಾನು ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ "ನೀರು ಹಾಕಬಾರದು" ಅಂತ ದೊಡ್ಡ ಬೋರ್ಡು ಬರೆದು ನೇತುಹಾಕಿದೆ. ಐದನೇ ದಿನ ನೋಡಿದರೆ ಕುಂಡದ ಮಣ್ಣೆಲ್ಲ ಬೆಳ್ಳಗೆ ಗಟ್ಟಿಯಾಗಿದೆ. ಅಕ್ಕನನ್ನ ಕರೆದು ಬೋರ್ಡು ತೋರಿಸಿದೆ.

"ಓದಿದ್ದೀನಿ ಮೇಡಂ" ಅಂದರು. "ಒಂದು ಹನಿ ನೀರು ಹಾಕಿಲ್ಲ. ಗಂಜಿ ತಿಳಿ."

ಅರೆಯೋದು

ಮೂರನೇ ಸಲ ಅಕ್ಕನಿಗೆ ರಜೆ ಕೊಟ್ಟು ಪರೀಕ್ಷೆ ಮುಗಿಸಿದೆ. ಎರಡು ಸಾಲೂ ಒಂದೇ ಥರ ಬಾಡಿದವು. ಅಂದರೆ ಬಾಯಾರಿಕೆಯಲ್ಲಿ ಆಂಟಿಯ ಬಳ್ಳಿ ಹೆಚ್ಚೇನೂ ಗಟ್ಟಿ ಅಲ್ಲ. ಅದು ಗೆದ್ದಿದ್ದರೆ ರೋಗದ ಮುಂದೆ ಗೆದ್ದಿರಬೇಕು. ಅದನ್ನ ಹೇಳೋಕೆ ಆಂಟಿಯನ್ನ ಕರೆಸಿದೆ.

ಅವರು ಬಂದಾಗ ನಾನು ಲ್ಯಾಬಿನಲ್ಲಿ ಎಲೆ ಅರೀತಿದ್ದೆ. ಎಲೆಯ ಮೇಲೆ ದ್ರವ ನೈಟ್ರೋಜನ್ ಸುರಿದರೆ ಅದು ಚಳಿಗೆ ಗಾಜಿನ ಹಾಗೆ ಆಗುತ್ತೆ. ಕಲ್ಲಿನಲ್ಲಿ ಹಾಕಿ ಅರೆದರೆ ಪುಡಿ. ಸುತ್ತ ಬಿಳಿ ಹೊಗೆ. ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರ ಬಂದು ನಿಂತರು.

"ಉಪ್ಪು ಹಾಕಿದ್ದೀಯಾ?"

"ಹಾಕ್ತೀನಿ ಆಂಟಿ, ಉಪ್ಪಿನ ನೀರು ಬೇಕೇ ಬೇಕು."

"ಆಮೇಲೆ?"

"ಸೋಪಿನಂಥದ್ದು ಒಂದು."

"ಛೀ. ಆಮೇಲೆ?"

"ಕೊನೆಗೆ ಆಲ್ಕೋಹಾಲ್."

"ಹ್ಞೂಂ, ಈಗ ದಾರಿಗೆ ಬಂದೆ" ಅಂತ ಕುರ್ಚಿ ಎಳೆದುಕೊಂಡು ಕೂತರು.

ಜೀನ್ ಅನ್ನೋದು ಗಿಡದ ಹತ್ತಿರ ಇರೋ ಅಡುಗೆ ಪುಸ್ತಕ, ಪುಸ್ತಕ ಯಾವಾಗಲೂ ಒಳಗೇ ಇರುತ್ತೆ, ಇವತ್ತಿನ ಅಡುಗೆ ಯಾವುದೋ ಅದನ್ನ ಮಾತ್ರ ಒಂದು ಚೀಟಿಗೆ ಬರೆದು ಹೊರಗೆ ಕಳಿಸುತ್ತೆ, ಆ ಚೀಟಿಯ ಹೆಸರು ಆರ್‌ಎನ್‌ಎ, ನಾನು ಹುಡುಕ್ತಿರೋದು ಅದನ್ನ ಅಂತ ವಿವರಿಸಿದೆ. ಆಂಟಿಗೆ ಇದು ಥಟ್ಟನೆ ಅರ್ಥ ಆಯಿತು. ಮಧ್ಯಾಹ್ನದ ತನಕ ಕೂತು ನೋಡಿದರು. ಅರೆದು, ಕಲಕಿ, ಮೆಷಿನ್‌ನಲ್ಲಿ ಗರಗರ ತಿರುಗಿಸಿ, ಸೋಸಿ, ತೊಳೆದು, ಕೊನೆಗೆ ಬೆರಳುದ್ದದ ಕೊಳವೆಯ ತಳದಲ್ಲಿ ಸಾಸಿವೆಯ ಕಾಲು ಭಾಗದಷ್ಟು ಒಂದು ಬಿಳಿ ಚುಕ್ಕೆ ಕಂಡಿತು. ಹೆಮ್ಮೆಯಿಂದ ಅವರ ಕೈಗೆ ಕೊಟ್ಟೆ.

ಕನ್ನಡಕ ಹಾಕಿ ನೋಡಿದರು. ಕನ್ನಡಕ ತೆಗೆದು ನೋಡಿದರು.

"ಬೆಳಗಿಂದ ಅರೆದು ಇಷ್ಟೇ ಬಂದಿದ್ದರೆ ನಮ್ಮ ಅತ್ತೆ ನನ್ನನ್ನ ಅವತ್ತೇ ತವರಿಗೆ ಕಳಿಸ್ತಿದ್ದರು."

ಮುಲಾಮು

ಮಳೆ ಹಿಡಿಯಿತು. ರೋಗ ಹಚ್ಚುವ ಮೊದಲು, ಏನೂ ರೋಗ ಇಲ್ಲದ ಬಳ್ಳಿ ಹೇಗಿರುತ್ತೆ ಅಂತ ನೋಡಿಟ್ಟುಕೊಳ್ಳಬೇಕು. ಅದು ಬಹಳ ಸುಲಭದ ಕೆಲಸ. ಏನೂ ಆಗದ ಗಿಡದಲ್ಲಿ ರಕ್ಷಣೆಯ ಜೀನ್‌ಗಳು ಮಲಗಿರುತ್ತವೆ. ಮಲಗಿವೆ ಅಂತ ಬರೆದುಕೊಂಡು ಮುಂದೆ ಹೋಗೋದು ಅಷ್ಟೆ.

ಮಲಗಿರಲಿಲ್ಲ. ನರ್ಸರಿಯ ಸಾಧಾರಣ ಬಳ್ಳಿ ಸೇರಿ ಅಷ್ಟೂ ಬಳ್ಳಿಯಲ್ಲಿ ಜೀನ್‌ಗಳು ಎದ್ದು ಕೂತಿವೆ, ಊರಿಗೆ ಆನೆ ಬಂದ ಹಾಗೆ. ಮತ್ತೆ ಮಾಡಿದೆ, ಅದೇ. ಮೆಷಿನ್ ಕೆಟ್ಟಿದೆ ಅಂತ ಒರೆಸಿದೆ. ಔಷಧಿ ಹಳೇದು ಅಂತ ಎಸೆದು ಹೊಸದು ತರಿಸಿದೆ. ಮೂರನೇ ಸಲವೂ ಅದೇ. ಮಳೆಗಾಲ ಓಡ್ತಾ ಇದೆ, ಸಾಹೇಬರು ಜಗಲಿಯ ನಕ್ಷೆ ಕಳಿಸಿದ್ದಾರೆ, ನನ್ನ ಕೈಯಲ್ಲಿ ಏನೂ ಇಲ್ಲ. ಅವತ್ತು ಒಂದು ಗಳಿಗೆ ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಕಣ್ಣೊರೆಸಿಕೊಂಡು ಶೇಡ್‌ನೆಟ್‌ಗೆ ಹೋದರೆ ಮೂಲೆಯಲ್ಲಿ ನಮ್ಮ ವಾಚ್‌ಮನ್ ಅಣ್ಣ ಪ್ಯಾಂಟು ಮಡಚಿಕೊಂಡು ಕೂತಿದ್ದಾರೆ. ಮಂಡಿಗೆ ಮುಲಾಮು ತಿಕ್ಕುತ್ತಿದ್ದಾರೆ. ಗೇಟಿನ ಹತ್ತಿರ ಗಾಳಿ ಜಾಸ್ತಿ, ಇಲ್ಲಿ ಬೆಚ್ಚಗೆ ಅಂತ ದಿನಾ ಇಲ್ಲೇ ತಿಕ್ಕೋದಂತೆ. ಘಮ್ಮೆಂದು ವಾಸನೆ.

ನಾನು ಆ ಟ್ಯೂಬ್ ಕಿತ್ತುಕೊಂಡು ಹಿಂದೆ ಬರೆದಿದ್ದ ಇರುವೆ ಅಕ್ಷರ ಓದಿದೆ. ಮೀಥೈಲ್ ಸ್ಯಾಲಿಸಿಲೇಟ್. ರೋಗ ಬಂದ ಗಿಡ ಗಾಳಿಯಲ್ಲಿ ಬಿಡೋ ವಾಸನೆಯೂ ಇದೇ, ಅದೇ ಪದಾರ್ಥ. ಪಕ್ಕದ ಗಿಡಗಳಿಗೆ ಅದು ಸೋಕಿದರೆ, ಶತ್ರು ಬಂದ ಅಂತ ಅವೂ ತಯಾರಾಗಿ ನಿಲ್ಲುತ್ತವೆ. ಈ ಮಹಾನುಭಾವರು ಒಂದು ತಿಂಗಳಿಂದ ನನ್ನ ಇಪ್ಪತ್ತನಾಲ್ಕು ಬಳ್ಳಿಗೂ ದಿನಾ ಯುದ್ಧದ ಸುದ್ದಿ ಮುಟ್ಟಿಸ್ತಾ ಕೂತಿದ್ದರು.

ಅವರನ್ನ ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಶ್ರದ್ಧೆಯಿಂದ ಕೇಳಿದರು. ಆಮೇಲೆ ಮುಖ ಗಂಟು ಹಾಕಿಕೊಂಡರು.

"ಅದಕ್ಕೇ ಮೇಡಂ, ಒಂದು ವರ್ಷ ತಿಕ್ಕಿದರೂ ನನ್ನ ಮಂಡಿಗೆ ಏನೂ ಆಗಿಲ್ಲ. ಅಂಗಡಿಯವನು ಗಿಡಕ್ಕೆ ಹಚ್ಚೋದನ್ನ ಕೊಟ್ಟಿದ್ದಾನೆ."

ಸಹಿ

ವಾಚ್‌ಮನ್ ಅಣ್ಣನ ಕುರ್ಚಿಯನ್ನ ಅಡುಗೆ ಕೋಣೆಗೆ ಹಾಕಿಸಿ, ಬಳ್ಳಿಗಳನ್ನ ಕೆಲವು ವಾರ ಸುಮ್ಮನಿರಲು ಬಿಟ್ಟೆ. ಜೀನ್‌ಗಳು ಮಲಗಿದವು. ಆಮೇಲೆ ಒಂದು ಸೋಮವಾರ ಎರಡೂ ಸಾಲಿಗೆ, ಎಲೆ ಎಲೆಗೂ, ಸೊರಗು ರೋಗ ಹಚ್ಚಿದೆ. ಸಾಹೇಬರು ನೋಡೋಕೆ ಬರಬೇಕಿದ್ದದ್ದು ಮುಂದಿನ ಸೋಮವಾರ. ಬಂದದ್ದು ಮರುದಿನ ಮಂಗಳವಾರ, ಏನೋ ಕಾರ್ಯಕ್ರಮ ಬದಲಾಯಿತಂತೆ.

ಶೇಡ್‌ನೆಟ್ ಬಾಗಿಲಲ್ಲೇ ನಿಂತು ನೋಡಿದರು. ನರ್ಸರಿಯ ಬಳ್ಳಿಗಳು ಎಣ್ಣೆ ಹಚ್ಚಿದ ಹಾಗೆ ಹಸಿರು. ಆಂಟಿಯ ಬಳ್ಳಿಗಳ ಎಲೆಯ ತುಂಬ ಸೂಜಿ ಚುಚ್ಚಿದಂತೆ ಕಂದು ಚುಕ್ಕೆ.

"ಏನಮ್ಮ, ನಿಮ್ಮ ಆಂಟಿಯ ಗಿಡಕ್ಕೆ ಸಿಡುಬು."

"ಸಾರ್, ಅದು ರೋಗ ಅಲ್ಲ, ಜಗಳ. ತಿತಿಮತಿ ಕಡೆ ಬೇಸಿಗೆಗೆ ಮೊದಲೇ ಅರಣ್ಯದವರು ಕಾಡಂಚಿನಲ್ಲಿ ಒಂದು ಪಟ್ಟಿ ಸುಟ್ಟು ಹಾಕ್ತಾರಲ್ಲ, ಬೆಂಕಿ ದಾಟಬಾರದು ಅಂತ? ಹಾಗೇ ಇದು. ರೋಗ ಒಳಗೆ ಕಾಲಿಟ್ಟ ಕಡೆ ಸುತ್ತಲಿನ ಜೀವಕೋಶಗಳು ತಾವೇ ಸಾಯ್ತವೆ. ಮುಂದೆ ಹೋಗೋಕೆ ಅದಕ್ಕೆ ದಾರಿ ಸಿಗಲ್ಲ. ಹಸಿರಾಗಿದೆಯಲ್ಲ, ಆ ಸಾಲಿಗೆ ಕಳ್ಳ ಮನೆ ಹೊಕ್ಕಿದ್ದು ಇನ್ನೂ ಗೊತ್ತೇ ಆಗಿಲ್ಲ. ನಾಲ್ಕು ದಿನ ಕೊಡಿ."

"ಸತ್ತಿರೋದು ಯಾವುದು ಅಂತ ನೋಡೋಕೆ ನನಗೂ ಕಣ್ಣಿದೆ" ಅಂದರು ಸಾಹೇಬರು. ರಿಜಿಸ್ಟರ್ ತರಿಸಿ ಕಾರಿನ ಬಾನೆಟ್ ಮೇಲಿಟ್ಟು ಬರೆದರು. ಆಂಟಿಯ ಸಾಲು: ರೋಗಪೀಡಿತ, ಕೂಡಲೇ ಕಿತ್ತು ಸುಡತಕ್ಕದ್ದು. ನರ್ಸರಿ ಸಾಲು: ಪೂರ್ಣ ಆರೋಗ್ಯ, ಉತ್ತಮ ತಳಿ. ಕೆಳಗೆ ಸಹಿ. ಅಷ್ಟೇ ಅಲ್ಲ, ಆ ಉತ್ತಮ ತಳಿಯಲ್ಲಿ ಎರಡು ಕುಂಡ ತಮ್ಮ ಆಫೀಸಿನ ಕಿಟಕಿಗೆ ಬೇಕು ಅಂದರು.

"ಸಾರ್, ಬೇಡ. ಅದಕ್ಕೂ ನಿನ್ನೆ ರೋಗ ಹಚ್ಚಿದ್ದೀನಿ."

"ಹಚ್ಚಿದರೂ ಹತ್ತಲಿಲ್ಲ ಅಂದರೆ ಅದೇ ತಾನೇ ನಿಮಗೆ ಬೇಕಾದ ಗಿಡ?"

ಕುಂಡಗಳನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕೋಣೆ ಬಿಟ್ಟು ಹೊರಗೆ ತರಬೇಡಿ, ಮಣ್ಣಿಗೆ ಇಳಿಸಬೇಡಿ ಅಂತ ಎರಡು ಸಲ ಹೇಳಿ ಡಿಕ್ಕಿಯಲ್ಲಿ ಇಡಿಸಿದೆ.

"ಆ ಹನ್ನೆರಡನ್ನ ಈಗಲೇ ಕೀಳಿಸಿ" ಅಂದರು.

"ಕೀಳಲ್ಲ ಸಾರ್."

"ಆದೇಶ ಇದು."

"ಗೊತ್ತು ಸಾರ್. ಕೀಳಲ್ಲ."

"ಹಾಗಾದರೆ ನಾನೇ ಕೀಳ್ತೀನಿ" ಅಂತ ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟರು. ಮೂರನೇ ಹೆಜ್ಜೆಗೆ ಬಿಳಿ ಕಾಲುಚೀಲದ ಮೇಲೆ ಎರಡು ಜಿಗಣೆ ಕಂಡವು. ಕಾರಿನ ಒಳಗಿನಿಂದಲೇ, "ನಾಳೆ ಆಳು ಕಳಿಸ್ತೀನಿ" ಅಂದರು.

ನಾನು ಆಂಟಿಗೆ ಫೋನ್ ಮಾಡಿದೆ. ಮರುದಿನ ಇಬ್ಬರು ಆಳುಗಳು ಬಂದಾಗ ಶೇಡ್‌ನೆಟ್ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು ಆಂಟಿ ಕೂತಿದ್ದರು. ಆದೇಶದ ಕಾಗದ ಇಸಕೊಂಡು ಮೇಲಿಂದ ಕೆಳಗೆ ಓದಿದರು.

"ಬಳ್ಳಿ ನಂದು. ಇವರಿಗೆ ನೋಡಿಕೊಳ್ಳೋಕೆ ಕೊಟ್ಟಿದ್ದು. ನನ್ನ ಬಳ್ಳಿ ಕೀಳೋ ಕಾಗದದಲ್ಲಿ ನನ್ನ ಸಹಿ ಎಲ್ಲಿ?"

ಆಳುಗಳು ಕಾಗದ ತಿರುವಿ ನೋಡಿದರು. "ಅದಿಲ್ಲ ಅಮ್ಮ" ಅಂತ ಕಾಗದ ವಾಪಸ್ ತಗೊಂಡು ಹೋದರು. ಗುರುವಾರವೂ ಆಂಟಿ ಬಂದು ಕೂತರು. ನನಗೆ ಭಯ ಇರಲಿಲ್ಲ ಅಂತಲ್ಲ. ನಾನು ಹೇಳಿದ್ದು ಸುಳ್ಳಾದರೆ ಆಂಟಿಗೆ ಏನಂತ ಮುಖ ತೋರಿಸಲಿ ಅನ್ನೋದೊಂದೇ ಭಯ.

ಶುಕ್ರವಾರ ಬೆಳಿಗ್ಗೆ ಬೀಗ ತೆಗೆದೆ. ನರ್ಸರಿ ಸಾಲಿನಲ್ಲಿ ಉಳಿದಿದ್ದ ಹತ್ತೂ ಬಳ್ಳಿಯ ಎಲೆಗಳು ಕಪ್ಪಾಗಿ ಜೋತುಬಿದ್ದಿದ್ದವು. ಆಂಟಿಯ ಹನ್ನೆರಡರಲ್ಲಿ ಚುಕ್ಕೆ ಚುಕ್ಕೆಯಾಗೇ ನಿಂತಿತ್ತು, ಒಂದು ಕೂದಲಷ್ಟೂ ಹರಡಿರಲಿಲ್ಲ. ಒಂದರ ತುದಿಯಲ್ಲಿ ಹೊಸ ಚಿಗುರು. ಆಂಟಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಸಾಹೇಬರು.

"ಏನಮ್ಮ ಇದು, ಗಿಡ ಕಪ್ಪಾಗಿ ಎಲೆ ಉದುರ್ತಿದೆ. ದಿನಾ ನೀರು ಹಾಕಿದ್ದೀನಿ, ಬೆಳಕಿಗೆ ಇಟ್ಟಿದ್ದೀನಿ. ಏನಾಗಿದೆ ಇದಕ್ಕೆ?"

ನಾನು ರಿಜಿಸ್ಟರ್ ತೆರೆದುಕೊಂಡೆ. "ಏನೂ ಆಗಿರೋಕೆ ಸಾಧ್ಯ ಇಲ್ಲ ಸಾರ್. ಪೂರ್ಣ ಆರೋಗ್ಯ ಅಂತ ನಿಮ್ಮ ಸಹಿ ಇದೆ."

"ತಮಾಷೆ ಬೇಡ. ಆ ಚುಕ್ಕೆ ಗಿಡಗಳು?"

"ಅವನ್ನ ಮಂಗಳವಾರವೇ ಕಿತ್ತು ಸುಡಬೇಕು ಅಂತ ಇದೆ ಸಾರ್. ಸುಡಬೇಕಾದದ್ದು ಇವತ್ತು ಬೆಳಿಗ್ಗೆ ಚಿಗುರಿದೆ. ರಿಜಿಸ್ಟರಿನಲ್ಲಿ ಏನಂತ ಬರೀಲಿ?"

"ಏನೂ ಬರೀಬೇಡಿ. ಜಗಲಿ ಬೇರೆ ಕಡೆ ನೋಡೋಣ." ಅಂದರು ಸಾಹೇಬರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ನಮ್ಮ ಮನೆ ಹಿಂದೆಯೂ ನಾಲ್ಕು ಮೆಣಸಿನ ಬಳ್ಳಿ ಹೋಯ್ತಮ್ಮ. ಅದರಲ್ಲಿ ಎರಡು ತುಂಡು ನನಗೆ ಸಿಗಬಹುದಾ?"

ನಾನು ಆಂಟಿಯ ಮುಖ ನೋಡಿದೆ. ಅವರಿಗೆಲ್ಲ ಕೇಳಿಸ್ತಿತ್ತು. ಕೈ ಚಾಚಿ ಫೋನ್ ತಗೊಂಡರು.

"ಅರ್ಜಿ ಬರೆದು ಕಳಿಸಿ ಸಾರ್" ಅಂದರು. "ಸಹಿ ಮಾಡೋದರ ಬಗ್ಗೆ ನಾನು ಯೋಚನೆ ಮಾಡ್ತೀನಿ."